ಒಂದು ಕಾದಾಟಕ್ಕೆ ಎರಡು ಗಂಟೆ: ತಪ್ಪು ದಾಳದ್ದೋ, ನಿಯಮದ್ದೋ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಿಂದ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಜಗುಲಿಯಲ್ಲಿ ನಾಲ್ವರನ್ನು ಕೂರಿಸಿಕೊಂಡು ಪ್ರತಿಯೊಬ್ಬರೂ ಒಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ನಡೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯನ್ನು ಆಡಿಸುತ್ತಿದ್ದೇನೆ. ಕಥೆ ಮಾತ್ರ ನಮ್ಮದೇ: ಕೆಳದಿ ನಾಯಕರ ಕಾಲ, ಘಟ್ಟದ ದಾರಿ, ಕಾಳುಮೆಣಸಿನ ಹೇರು ಹೊತ್ತು ಕರಾವಳಿಗೆ ಇಳಿಯುವ ಎತ್ತುಗಳು, ತಿರುವಿನಲ್ಲಿ ಹೊಂಚು ಹಾಕಿ ಕುಳಿತ ದರೋಡೆಕೋರರು. ಕಥೆಯ ಬಗ್ಗೆ ಯಾರಿಗೂ ತಕರಾರಿಲ್ಲ, ತಕರಾರೆಲ್ಲ ಕಾದಾಟದ್ದೇ.

ಕಳೆದ ಭಾನುವಾರ ಐವರು ದರೋಡೆಕೋರರೊಡನೆ ನಡೆದ ಒಂದೇ ಒಂದು ಹೊಡೆದಾಟ ಎರಡು ಗಂಟೆ ಹಿಡಿಯಿತು. ಗೆಲ್ಲುವವರು ಯಾರೆಂದು ನಾಲ್ಕನೆಯ ಸುತ್ತಿಗೇ ಎಲ್ಲರಿಗೂ ತಿಳಿದಿತ್ತು, ಆದರೂ ಕೊನೆಯವನು ಬೀಳುವವರೆಗೆ ದಾಳ ಉರುಳಿಸುತ್ತಲೇ ಇದ್ದೆವು. ಹಾಲು ಕರೆಯುವ ಹೊತ್ತಾಯಿತೆಂದು ಒಬ್ಬರು ನಡುವೆಯೇ ಎದ್ದು ಹೋದರು. ನನಗೆ ಅದಕ್ಕಿಂತ ಹೆಚ್ಚು ಬೇಸರವಾದದ್ದು ಇನ್ನೊಂದು ವಿಷಯಕ್ಕೆ. ನಮ್ಮ ಕತ್ತಿವರಸೆಯವನು, ಹತ್ತು ವರ್ಷ ಗರಡಿಯಲ್ಲಿ ಪಳಗಿದವನೆಂದು ಆಟಗಾರ ಆಸೆಪಟ್ಟು ಬರೆದುಕೊಂಡ ಪಾತ್ರ, ಸತತ ನಾಲ್ಕು ಸಲ ಗುರಿ ತಪ್ಪಿದ. ನಾಲ್ಕನೆಯ ಸಲ ಆ ಹುಡುಗ ಏನೂ ಹೇಳದೆ ಪೆನ್ಸಿಲನ್ನು ಹಾಳೆಯ ಮೇಲಿಟ್ಟು ಮಳೆ ನೋಡುತ್ತ ಕುಳಿತ.

ಇಪ್ಪತ್ತು ಮುಖದ ದಾಳವೇ ನಮಗೆ ಒಗ್ಗುತ್ತಿಲ್ಲವೇ? ಬೇರೆ ಪದ್ಧತಿಗಳನ್ನು ಆಡಿಸಿದವರು ಅವುಗಳ ದಾಳವನ್ನೂ ಕಾದಾಟದ ನಿಯಮಗಳನ್ನೂ ಹೋಲಿಸಿ ಹೇಳಿದರೆ ಉಪಕಾರವಾಗುತ್ತದೆ.

ಭದ್ರಾವತಿ_ಉಕ್ಕು

ದಾಳವನ್ನು ಬದಲಿಸಿ, ಬೇರೆ ಯೋಚನೆಯೇ ಬೇಡ. ಡಿ20ಯಲ್ಲಿ, ಅಂದರೆ ಇಪ್ಪತ್ತು ಮುಖದ ದಾಳದಲ್ಲಿ, ಒಂದು ಬೀಳುವುದೂ ಹತ್ತು ಬೀಳುವುದೂ ಇಪ್ಪತ್ತು ಬೀಳುವುದೂ ಒಂದೇ, ಎಲ್ಲಕ್ಕೂ ನೂರಕ್ಕೆ ಐದು. ಹತ್ತು ವರ್ಷ ಪಳಗಿದವನ ಕೈ ಹಾಗೆ ಕುಣಿಯುವುದಿಲ್ಲ. ಗರ್ಪ್ಸ್ ನೋಡಿ, 1986ರಿಂದಲೂ ಮೂರು ಸಾಮಾನ್ಯ ದಾಳಗಳನ್ನು ಕೂಡಿಸಿ ಆಡುವ ಪದ್ಧತಿ. ಮೊತ್ತ ನಿಮ್ಮ ಕುಶಲತೆಯ ಅಂಕಿಯಷ್ಟೇ ಬಂದರೂ ಅದಕ್ಕಿಂತ ಕಡಿಮೆ ಬಂದರೂ ಗೆಲುವು. ಮೂರು ದಾಳಗಳ ಮೊತ್ತ ಹತ್ತು ಹನ್ನೊಂದರ ಸುತ್ತಲೇ ಗುಂಪುಗೂಡುತ್ತದೆ. ಕುಶಲತೆ 13 ಇದ್ದವನು ನೂರಕ್ಕೆ 84 ಸಲ ಹೊಡೆತವನ್ನು ಸರಿಯಾಗಿ ಬೀಸುತ್ತಾನೆ. ಪಳಗಿದ ಕೈ ಎಂದರೆ ಅದು.

ಸಾಗರದ_ಮೇಷ್ಟ್ರು

ತುಂಗಾತೀರ ಅವರೇ, ಯಾವ ತೀರ್ಮಾನಕ್ಕೂ ಬರುವ ಮೊದಲು ನಾಲ್ಕು ಅಂಕಿಗಳನ್ನು ಕೊಡಿ: ಕತ್ತಿಯವನಿಗೆ ಹೊಡೆತದ ಬೋನಸ್ ಎಷ್ಟು, ದರೋಡೆಕೋರರ ಆರ್ಮರ್ ಕ್ಲಾಸ್ (ಪೆಟ್ಟು ತಗಲಲು ದಾಳ ಮತ್ತು ಬೋನಸ್ ಸೇರಿ ಮುಟ್ಟಬೇಕಾದ ಅಂಕಿ) ಎಷ್ಟು, ಒಬ್ಬೊಬ್ಬನಿಗೆ ಹಿಟ್ ಪಾಯಿಂಟ್ (ಎಷ್ಟು ಪೆಟ್ಟಿಗೆ ಬೀಳುತ್ತಾನೆಂಬ ಅಂಕಿ) ಎಷ್ಟು, ಕತ್ತಿಯ ಪೆಟ್ಟಿಗೆ ಯಾವ ದಾಳ?

ತುಂಗಾತೀರ (ತೀರ್ಥಹಳ್ಳಿ)

ಬೋನಸ್ 5, ಆರ್ಮರ್ ಕ್ಲಾಸ್ 14, ಒಬ್ಬೊಬ್ಬನಿಗೆ 27 ಹಿಟ್ ಪಾಯಿಂಟ್, ಪೆಟ್ಟಿಗೆ ಡಿ8 ಮತ್ತು ಮೇಲೆ 3. ಉಳಿದ ಮೂವರದೂ ಹೆಚ್ಚುಕಡಿಮೆ ಇದೇ ಲೆಕ್ಕ ಸರ್.

ಸಾಗರದ_ಮೇಷ್ಟ್ರು

ಹಾಗಾದರೆ ಉತ್ತರ ಅಂಕಿಗಳಲ್ಲೇ ಇದೆ. ದಾಳದಲ್ಲಿ ಒಂಬತ್ತೋ ಹೆಚ್ಚೋ ಬಿದ್ದರೆ ಪೆಟ್ಟು ತಗಲುತ್ತದೆ, ಅಂದರೆ ನೂರಕ್ಕೆ 60. ಸತತ ನಾಲ್ಕು ಸಲ ತಪ್ಪುವುದು ಸುಮಾರು ಮೂವತ್ತೊಂಬತ್ತಕ್ಕೆ ಒಂದು ಸಲ. ನಾಲ್ವರು ವಾರವಾರವೂ ಆಡುವ ಜಗುಲಿಯಲ್ಲಿ ಅದು ಆಗಾಗ ಕಾಣಿಸಿಕೊಳ್ಳಲೇಬೇಕು. ಆ ಹುಡುಗನ ದಾಳದಲ್ಲಿ ದೋಷವೇನೂ ಇಲ್ಲ.

ಇನ್ನು ಎರಡು ಗಂಟೆಯ ವಿಷಯ. ಒಂದು ಪೆಟ್ಟಿನ ಸರಾಸರಿ ಏಳೂವರೆ, ತಗಲುವುದು ನೂರಕ್ಕೆ 60, ಆದ್ದರಿಂದ ಪ್ರತಿ ಪ್ರಯತ್ನಕ್ಕೆ ಸಿಗುವುದು ನಾಲ್ಕೂವರೆ. ಇಪ್ಪತ್ತೇಳನ್ನು ನಾಲ್ಕೂವರೆಯಿಂದ ಭಾಗಿಸಿದರೆ ಆರು. ಒಬ್ಬನನ್ನು ಬೀಳಿಸಲು ಆರು ಪ್ರಯತ್ನ, ಐವರಿಗೆ ಮೂವತ್ತು. ಪ್ರತಿಯೊಬ್ಬರೂ ಯೋಚಿಸಿ, ದಾಳ ಹಾಕಿ, ಕೂಡಿಸಿ, ಪೆಟ್ಟಿಗೆ ಮತ್ತೊಮ್ಮೆ ದಾಳ ಹಾಕುವುದಕ್ಕೆ ಎರಡೂವರೆ ನಿಮಿಷವೆಂದರೂ ಎಪ್ಪತ್ತೈದು ನಿಮಿಷ ಆಯಿತು. ಅದರ ಮೇಲೆ ದರೋಡೆಕೋರರ ಸರದಿ. ನಿಮ್ಮ ಎರಡು ಗಂಟೆ ಹೋದದ್ದು ಆ ಇಪ್ಪತ್ತೇಳರಲ್ಲಿ, ಡಿ20ಯಲ್ಲಿ ಅಲ್ಲ.

ಭದ್ರಾವತಿಯವರಿಗೂ ಒಂದು ಮಾತು. ಗರ್ಪ್ಸ್‌ನ 84 ಅರ್ಧ ಲೆಕ್ಕ ಮಾತ್ರ. ನೀವು ಬೀಸಿದ ಮೇಲೆ ಎದುರಾಳಿ ತಡೆಯಲು ದಾಳ ಹಾಕುತ್ತಾನೆ. ಅವನ ಕುಶಲತೆಯೂ 13 ಇದ್ದರೆ ಅದರ ಅರ್ಧ ಆರು, ಮೂರು ಸೇರಿಸಿದರೆ ಕತ್ತಿಯಿಂದ ತಡೆಯುವ ಅಂಕಿ ಒಂಬತ್ತು, ಅದು ನೂರಕ್ಕೆ ಮೂವತ್ತೇಳೂವರೆ. ಕ್ರಿಟಿಕಲ್‌ಗಳ (ದಾಳ ತೀರಾ ಚೆನ್ನಾಗಿ ಬಿದ್ದಾಗಿನ ವಿಶೇಷ ಹೊಡೆತಗಳ) ಲೆಕ್ಕ ಬಿಟ್ಟರೆ ಕೊನೆಗೆ ಮೈಗೆ ತಾಗುವುದು ನೂರಕ್ಕೆ 52. ಇವರ ಡಿ20ಯ 60ಕ್ಕಿಂತ ಕಡಿಮೆಯೇ ಆಯಿತಲ್ಲ?

ಭದ್ರಾವತಿ_ಉಕ್ಕು

ತಡೆಯುವ ದಾಳವನ್ನು ಬಿಟ್ಟು ಹೇಳಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಡಿ20 ಚಪ್ಪಟೆ ಎಂಬ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ.

ಹೊಸನಗರದ_ಅಕ್ಕ

ಮೇಷ್ಟ್ರೇ, ನಿಮ್ಮ 52 ಸರಿ, ಆದರೆ ಜಗುಲಿಯಲ್ಲಿ ಕುಳಿತವರಿಗೆ ಆ 52 ಬೇರೆಯಾಗಿಯೇ ಕಾಣುತ್ತದೆ. ನಾನು ಎರಡು ವರ್ಷ ಗರ್ಪ್ಸ್ ಆಡಿಸಿದ್ದೇನೆ. ಅಲ್ಲಿ ನನ್ನ ಆಟಗಾರ್ತಿ ಕತ್ತಿ ಬೀಸಿದಾಗ ಅದು ಗಾಳಿಯಲ್ಲಿ ಹೋಗುವುದು ಅಪರೂಪ. ಬೀಸುತ್ತಾಳೆ, ಎದುರಿನವನು ತನ್ನ ಕತ್ತಿ ಅಡ್ಡ ಹಿಡಿಯುತ್ತಾನೆ, ಲೋಹಕ್ಕೆ ಲೋಹ ತಾಗುತ್ತದೆ. ಪೆಟ್ಟು ಬೀಳಲಿಲ್ಲ ನಿಜ, ಆದರೆ ಅವಳು ತಪ್ಪಲಿಲ್ಲ, ಅವನು ತಡೆದ. ಡಿ20ಯಲ್ಲಿ ಆರ್ಮರ್ ಕ್ಲಾಸ್ ಎಂಬ ಒಂದೇ ಅಂಕಿಯೊಳಗೆ ಕವಚ, ಗುರಾಣಿ, ತಪ್ಪಿಸಿಕೊಳ್ಳುವ ಚುರುಕು ಎಲ್ಲವೂ ಅಡಗಿರುವುದರಿಂದ, ಹೊಡೆತ ಏಕೆ ಬೀಳಲಿಲ್ಲವೆಂದು ಜಿಎಂ (ಆಟ ಆಡಿಸುವವರು) ಬಾಯಿಬಿಟ್ಟು ಹೇಳದಿದ್ದರೆ ಎಲ್ಲ ಸೋಲೂ ಆಟಗಾರನ ಅಸಾಮರ್ಥ್ಯದಂತೆಯೇ ಕೇಳಿಸುತ್ತದೆ. ಆ ಹುಡುಗ ಪೆನ್ಸಿಲ್ ಕೆಳಗಿಟ್ಟದ್ದು ಆ ಕಾರಣಕ್ಕೇ ಇರಬೇಕೆಂದು ನನಗನಿಸುತ್ತದೆ.

ಆದರೆ ತುಂಗಾತೀರ, ನಿಮಗೆ ಬೇಕಾದದ್ದು ವೇಗವಾದರೆ ಗರ್ಪ್ಸ್ ಕಡೆ ಬರಬೇಡಿ. ಅಲ್ಲಿ ಒಬ್ಬರ ಸರದಿ ಎಂದರೆ ಕಥೆಯ ಒಂದು ಸೆಕೆಂಡು, ಪ್ರತಿ ಹೊಡೆತಕ್ಕೂ ಎರಡು ಕಡೆಯವರ ದಾಳ, ಪೆಟ್ಟಿನಿಂದ ಕವಚದ ಅಂಕಿಯನ್ನು ಕಳೆಯುವ ಲೆಕ್ಕ ಬೇರೆ. ಇಬ್ಬರ ನಡುವಿನ ಕಾಳಗಕ್ಕೆ ಅದರಷ್ಟು ಚೆಂದ ಇನ್ನೊಂದಿಲ್ಲ. ಒಂಬತ್ತು ಜನರ ಗಲಾಟೆಗೆ ಅದು ಹೇಳಿ ಮಾಡಿಸಿದ್ದಲ್ಲ.

ಆಗುಂಬೆ_ಮಳೆ

ವೇಗವೇ ಬೇಕಾದರೆ 2010ರಲ್ಲಿ ಬಂದ ಅಪಾಕಲಿಪ್ಸ್ ವರ್ಲ್ಡ್‌ನ ದಾರಿ ಹಿಡಿಯಿರಿ, ಅಥವಾ ಅದೇ ದಾರಿಯಲ್ಲಿ 2012ರಲ್ಲಿ ಬಂದ ಡಂಜನ್ ವರ್ಲ್ಡ್ ಆಡಿ. ಎರಡು ಸಾಮಾನ್ಯ ದಾಳ, ಮೇಲೆ ಒಂದು ಸಣ್ಣ ಅಂಕಿ. ಹತ್ತು ಅಥವಾ ಹೆಚ್ಚು ಬಂದರೆ ಪೂರ್ಣ ಗೆಲುವು, ಏಳರಿಂದ ಒಂಬತ್ತಾದರೆ ಗೆಲುವಿನ ಜೊತೆಗೊಂದು ತೆರ, ಆರು ಅಥವಾ ಕಡಿಮೆ ಬಿದ್ದರೆ ಜಿಎಂ ಕಥೆಯನ್ನು ಕೆಟ್ಟ ದಿಕ್ಕಿಗೆ ತಿರುಗಿಸುತ್ತಾರೆ. ಕತ್ತಿ ಬೀಸಿ ಏಳೋ ಎಂಟೋ ಬಿದ್ದರೆ ನೀವೂ ಹೊಡೆಯುತ್ತೀರಿ, ಎದುರಾಳಿಯೂ ನಿಮ್ಮನ್ನು ಹೊಡೆಯುತ್ತಾನೆ, ಆದ್ದರಿಂದ ದರೋಡೆಕೋರರಿಗೆ ಪ್ರತ್ಯೇಕ ಸರದಿಯೇ ಬೇಕಾಗಿಲ್ಲ. ಇನಿಷಿಯೇಟಿವ್ (ಯಾರ ಸರದಿ ಮೊದಲೆಂದು ತೀರ್ಮಾನಿಸುವ ದಾಳ) ಇಲ್ಲ, ಹೊಡೆತ ತಗುಲಿತೇ ಎಂದು ನೋಡಲು ಜಿಎಂ ದಾಳ ಮುಟ್ಟುವುದೂ ಇಲ್ಲ. ಕರೆಂಟು ಹೋದ ರಾತ್ರಿ ಒಂದೇ ಲಾಟೀನಿನ ಬೆಳಕಿನಲ್ಲಿ ನಾವು ಏಳು ಜನರ ಹೊಡೆದಾಟವನ್ನು ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದ್ದೇವೆ, ಪುಸ್ತಕ ತೆರೆಯಲಿಲ್ಲ.

ಮೇಷ್ಟ್ರು ಕೇಳುವ ಮೊದಲೇ ಲೆಕ್ಕ ಕೊಡುತ್ತೇನೆ. ಮೇಲೆ 1 ಇದ್ದವನಿಗೆ ಮೂವತ್ತಾರರಲ್ಲಿ ಹತ್ತು ಸಲ ಪೂರ್ಣ ಗೆಲುವು, ಹದಿನಾರು ಸಲ ತೆರ ಸಹಿತ ಗೆಲುವು, ಹತ್ತು ಸಲ ಸೋಲು.

ದುರ್ಗಿಗುಡಿ_ದಾರಿ (ಶಿವಮೊಗ್ಗ)

ಹದಿನಾರು ಸಲ ತೆರ ಎಂದಿರಲ್ಲ, ಆ ತೆರವನ್ನು ಪ್ರತಿ ಸಲವೂ ಹೊಸದಾಗಿ ಹೊಳೆಯಿಸಿಕೊಳ್ಳಬೇಕಾದವರು ಯಾರು? ಜಿಎಂ. ಕಚೇರಿ ಮುಗಿಸಿ ರಾತ್ರಿ ಎಂಟಕ್ಕೆ ಆಡಿಸಲು ಕುಳಿತ ನನಗೆ ಮೂರನೆಯ ಹೊಡೆತಕ್ಕೇ ತಲೆ ಬರಿದಾಗುತ್ತಿತ್ತು. ಕತ್ತಿ ಜಾರಿತು, ಕಾಲು ಕೆಸರಿನಲ್ಲಿ ಹೂತಿತು, ಆಮೇಲೆ ಏನು? ನಿಯಮ ಕಡಿಮೆ ಇದ್ದಷ್ಟೂ ಆಡಿಸುವವರ ಮೇಲೆ ಭಾರ ಹೆಚ್ಚು. ಇದನ್ನು ಹೊಗಳುವವರು ಈ ಮಾತನ್ನು ಹೇಳದೆ ಬಿಡುತ್ತಾರೆ.

ನಮ್ಮ ಗುಂಪು 2019ರ ಪಾತ್‌ಫೈಂಡರ್ ಎರಡನೆಯ ಆವೃತ್ತಿಗೆ ಬಂದು ನೆಮ್ಮದಿಯಾಗಿದೆ. ದಾಳ ಅದೇ ಡಿ20. ಆದರೆ ಪ್ರತಿ ಸರದಿಗೆ ಮೂರು ಕ್ರಿಯೆಗಳಿವೆ. ಮೂರನ್ನೂ ಹೊಡೆತಕ್ಕೇ ಬಳಸಬಹುದು, ಆದರೆ ಎರಡನೆಯ ಹೊಡೆತಕ್ಕೆ ಐದು ಅಂಕಿ ಕಡಿತ, ಮೂರನೆಯದಕ್ಕೆ ಹತ್ತು. ಹಾಗಾಗಿ ಮೂರನೆಯ ಕ್ರಿಯೆಯಲ್ಲಿ ಹಿಂದೆ ಸರಿಯಬೇಕೇ, ಗುರಾಣಿ ಎತ್ತಬೇಕೇ, ಎದುರಾಳಿಯನ್ನು ಹೆದರಿಸಬೇಕೇ ಎಂದು ಯೋಚಿಸಬೇಕಾಗುತ್ತದೆ. ಬೇಕಾದ ಅಂಕಿಗಿಂತ ಹತ್ತು ಹೆಚ್ಚು ಬಂದರೆ ಕ್ರಿಟಿಕಲ್, ಆದ್ದರಿಂದ ಒಂದೊಂದು ಬೋನಸ್ಸಿಗೂ ಬೆಲೆಯಿದೆ. ಇಪ್ಪತ್ತು ಮುಖದ ದಾಳ ಬೇಸರ ತರಿಸುವುದಿಲ್ಲ, ಮಾಡುವುದಕ್ಕೆ ಒಂದೇ ಕೆಲಸ ಇರುವ ಸರದಿ ಬೇಸರ ತರಿಸುತ್ತದೆ.

ಆಗುಂಬೆ_ಮಳೆ

ಭಾರ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ತೆರವನ್ನು ಜಿಎಂ ಒಬ್ಬರೇ ಯೋಚಿಸಬೇಕೆಂದು ಯಾರು ಹೇಳಿದರು? ನಾವು ಆಟಗಾರರನ್ನೇ ಕೇಳುತ್ತೇವೆ. "ನಿನಗೇನು ನಷ್ಟವಾಗಬೇಕು, ನೀನೇ ಹೇಳು" ಎಂದರೆ ನಾನು ಯೋಚಿಸಿದ್ದಕ್ಕಿಂತ ಹೆಚ್ಚಿನದನ್ನು ಅವರೇ ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ.

ಕೊಡಚಾದ್ರಿ_ನಡಿಗೆ

ಕಾದಾಟ ಬೇಗ ಮುಗಿಯಬೇಕೆಂದರೆ ಅದು ಅಪಾಯಕಾರಿಯಾಗಿರಬೇಕು. 1981ರ ಕಾಲ್ ಆಫ್ ಕ್ತುಲು ನೋಡಿ. ನೂರರ ಲೆಕ್ಕ, ಹತ್ತು ಮುಖದ ಎರಡು ದಾಳ. ಹಾಳೆಯಲ್ಲಿ 45 ಎಂದಿದ್ದರೆ ಗೆಲ್ಲುವ ಸಾಧ್ಯತೆ ನೂರಕ್ಕೆ 45 ಎಂದು ಮೊದಲ ಸಲ ಆಡುವವರಿಗೂ ತಿಳಿಯುತ್ತದೆ. ಏಳನೆಯ ಆವೃತ್ತಿಯಲ್ಲಿ ಕಷ್ಟದ ಕೆಲಸಕ್ಕೆ ಅದರ ಅರ್ಧ, ತೀರಾ ಕಷ್ಟದ್ದಕ್ಕೆ ಐದರಲ್ಲೊಂದು ಭಾಗ. ಸಾಮಾನ್ಯ ಮನುಷ್ಯನಿಗೆ ಹನ್ನೊಂದೋ ಹನ್ನೆರಡೋ ಹಿಟ್ ಪಾಯಿಂಟ್ ಇದ್ದರೆ ಪಿಸ್ತೂಲಿನ ಒಂದು ಗುಂಡಿಗೆ ಡಿ10. ಎರಡನೆಯ ಗುಂಡಿನ ಹೊತ್ತಿಗೆ ಯಾರೋ ಒಬ್ಬರು ನೆಲಕ್ಕೆ ಬಿದ್ದಿರುತ್ತಾರೆ. ಆದ್ದರಿಂದ ನಮ್ಮವರು ಹೊಡೆದಾಟವನ್ನು ತಪ್ಪಿಸುವ ದಾರಿಯನ್ನೇ ಮೊದಲು ಹುಡುಕುತ್ತಾರೆ.

ತುಂಗಾತೀರ (ತೀರ್ಥಹಳ್ಳಿ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಒಂದು ತೊಡಕನ್ನು ಮೊದಲೇ ಹೇಳಬೇಕಿತ್ತು. ನಮ್ಮೂರಿನ ಅಂಗಡಿಗಳಲ್ಲಿ ಸಿಗುವುದು ಲೂಡೋ ದಾಳ ಮಾತ್ರ. ಇರುವ ಒಂದೇ ಒಂದು ಬಹುಮುಖ ದಾಳಗಳ ಸೆಟ್ಟು ಅಂಚೆಯಲ್ಲಿ ತರಿಸಿದ್ದು, ಅದನ್ನೇ ಐವರೂ ಕೈಯಿಂದ ಕೈಗೆ ದಾಟಿಸಬೇಕು. ಡಿ20 ಉರುಳಿ ಜಗುಲಿಯಿಂದ ಅಂಗಳದ ಕೆಸರಿಗೆ ಬಿದ್ದರೆ ಆಟವೇ ನಿಲ್ಲುತ್ತದೆ. ಈಗ ಅಡಿಕೆ ಆರಿಸುವ ಸಣ್ಣ ತಟ್ಟೆಯಲ್ಲಿ ಹಳೆಯ ಪಂಚೆಯ ತುಂಡು ಹಾಸಿ ಅದರೊಳಗೇ ಹಾಕುತ್ತಿದ್ದೇವೆ.

ಹೊಸನಗರದ_ಅಕ್ಕ

ದಾಳ ಇಲ್ಲದಿದ್ದರೆ ಏನಂತೆ, ಮನೆಯಲ್ಲಿ ಕವಡೆ ಇಲ್ಲವೇ? ಇಂಥ ಆಟಗಳ ದಾಳದ ತಂತ್ರಗಳಲ್ಲಿ ಎರಡು, ಗೆದ್ದವನ್ನು ಎಣಿಸುವುದು ಮತ್ತು ಮತ್ತೆ ಎಸೆಯುವುದು, ನಮ್ಮ ಚೌಕಾಬಾರದಲ್ಲಿ ಅಜ್ಜಿಯರ ಕಾಲದಿಂದಲೂ ಇವೆ. ನಾಲ್ಕು ಕವಡೆ ಎಸೆಯುತ್ತೇವೆ, ಅಂಗಾತ ಬಿದ್ದವನ್ನು ಎಣಿಸುತ್ತೇವೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅದಕ್ಕೆ ಎಂಟು ಮನೆ. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಎಸೆತ.

ನನ್ನ ಅಜ್ಜಿ ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದು ನೆಲಕ್ಕೆ ತೀರಾ ಹತ್ತಿರದಿಂದ, ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಹಾಕುತ್ತಿದ್ದಳು. ಸೀಮೆಸುಣ್ಣದಲ್ಲಿ ಬರೆದ ಇಪ್ಪತ್ತೈದು ಮನೆ, ಅದರ ಮೇಲೆ ಅವಳ ಕಾಯಿಗಳು ಹುಣಸೆಬೀಜ, ನನ್ನವು ಬಳೆಚೂರು. ಕಾಯಿ ಹಣ್ಣಾಗಲು ಎಷ್ಟು ಬೇಕೋ ಅಷ್ಟೇ ಗರ ಬೀಳಿಸುತ್ತಾಳೆಂದು ನಾವು ಮಕ್ಕಳೆಲ್ಲ ಜಗಳವಾಡುತ್ತಿದ್ದೆವು.

ಇನ್ನೂ ಹಿಂದೆ ಹೋದರೆ ನಮ್ಮ ಕಾಡಿನ ತಾರೆಕಾಯಿಯೇ ದಾಳವಾಗಿತ್ತು. ಮಹಾಭಾರತದ ನಳನ ಕಥೆಯಲ್ಲಿ ಋತುಪರ್ಣ ರಥದಲ್ಲಿ ಹೋಗುತ್ತ ಎಲೆ ಮತ್ತು ಕಾಯಿಗಳ ಲೆಕ್ಕ ಹೇಳಿದ್ದು ತಾರೆ ಮರದ್ದೇ, ಆಮೇಲೆ ನಳನಿಗೆ ಕಲಿಸಿದ್ದು ದಾಳದ ಮರ್ಮವನ್ನು. ಎಣಿಕೆಗೂ ದಾಳಕ್ಕೂ ಅಷ್ಟು ಹಳೆಯ ನಂಟು.

ಸಾಗರದ_ಮೇಷ್ಟ್ರು

ಅಕ್ಕ ಹೇಳಿದ್ದು ಮುಖ್ಯವಾದ ಮಾತು. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಎಂದಿಟ್ಟುಕೊಂಡರೆ ಹದಿನಾರರಲ್ಲಿ ಆರು ಸಲ ಎರಡು ಬೀಳುತ್ತದೆ, ನಾಲ್ಕು ನಾಲ್ಕು ಸಲ ಒಂದು ಮತ್ತು ಮೂರು, ಚೌಕಕ್ಕೂ ಬಾರಕ್ಕೂ ಒಂದೊಂದು ಸಲ ಮಾತ್ರ. ನಿಜವಾದ ಕವಡೆಗಳು ಹೀಗೆ ಸಮವಾಗಿರುವುದಿಲ್ಲ, ಅವುಗಳ ಬೆನ್ನಿನ ಉಬ್ಬನ್ನೂ ತೂಕವನ್ನೂ ಅನುಸರಿಸಿ ಲೆಕ್ಕ ಜರುಗುತ್ತದೆ. ಆದರೂ ನಡುವೆ ಗುಂಪು, ತುದಿಯಲ್ಲಿ ವಿರಳ ಎಂಬ ಆಕಾರ ಉಳಿಯುತ್ತದೆ. ಭದ್ರಾವತಿಯವರು ಗರ್ಪ್ಸ್‌ನಲ್ಲಿ ಮೆಚ್ಚಿದ್ದು ಇದೇ ಆಕಾರವನ್ನು.

ಗೆದ್ದ ದಾಳಗಳನ್ನು ಎಣಿಸುವ ಪದ್ಧತಿಯೂ ಇದೇ. 1989ರಲ್ಲಿ ಶುರುವಾದ ಶ್ಯಾಡೋರನ್‌ನ ನಾಲ್ಕನೆಯ ಆವೃತ್ತಿಯಿಂದ ಕೈತುಂಬ ಸಾಮಾನ್ಯ ದಾಳ ಹಾಕಿ ಐದು ಅಥವಾ ಆರು ಬಿದ್ದವನ್ನು ಮಾತ್ರ ಎಣಿಸುತ್ತಾರೆ. ಪ್ರತಿ ಮೂರು ದಾಳಕ್ಕೆ ಸರಾಸರಿ ಒಂದು ಗೆಲುವು.

ಭದ್ರಾವತಿ_ಉಕ್ಕು

ಮತ್ತೆ ಎಸೆಯುವ ಅವಕಾಶ ಎಂದರೆ ಅದು ಸ್ಯಾವೇಜ್ ವರ್ಲ್ಡ್ಸ್! ದಾಳದಲ್ಲಿ ಗರಿಷ್ಠ ಅಂಕಿ ಬಿದ್ದರೆ ಮತ್ತೆ ಹಾಕಿ ಕೂಡಿಸುತ್ತ ಹೋಗಬಹುದು. ಕುಶಲತೆ ಬೆಳೆದಂತೆ ದಾಳವೂ ಡಿ4ರಿಂದ ಡಿ12ರವರೆಗೆ ದೊಡ್ಡದಾಗುತ್ತದೆ. ಸಾಮಾನ್ಯ ಎದುರಾಳಿಗಳಿಗೆ ಹಿಟ್ ಪಾಯಿಂಟ್ ಎಂಬುದೇ ಇಲ್ಲ, ಒಂದು ಗಾಯವಾದರೆ ಅವರು ಕಣದಿಂದ ಹೊರಗೆ. ತುಂಗಾತೀರ ಅವರ ಇಪ್ಪತ್ತೇಳರ ಸಮಸ್ಯೆ ಅಲ್ಲಿ ಹುಟ್ಟುವುದೇ ಇಲ್ಲ.

ದುರ್ಗಿಗುಡಿ_ದಾರಿ (ಶಿವಮೊಗ್ಗ)

ಆದರೆ ಅದರ ಲೆಕ್ಕದಲ್ಲೊಂದು ಓರೆ ಇದೆ. ಜೊತೆಗೆ ಹಾಕುವ ವೈಲ್ಡ್ ಡೈ ಎಂಬ ಹೆಚ್ಚುವರಿ ದಾಳವನ್ನು ಬಿಟ್ಟು ನೋಡಿ. ಆರು ಬೇಕಾದಾಗ ಡಿ6 ಹಾಕಿದವನಿಗೆ ಆರರಲ್ಲಿ ಒಂದು ಸಲ, ಅಂದರೆ ನೂರಕ್ಕೆ 16.7. ಡಿ4 ಹಾಕಿದವನಿಗೆ ಮೊದಲು ನಾಲ್ಕು ಬಿದ್ದು, ಮತ್ತೆ ಹಾಕಿದಾಗ ಎರಡೋ ಹೆಚ್ಚೋ ಬಿದ್ದರೆ ಸಾಕು, ಅದು ನೂರಕ್ಕೆ 18.75. ಕಡಿಮೆ ಕಲಿತವನಿಗೆ ಹೆಚ್ಚು ಅವಕಾಶ ಸಿಕ್ಕಂತಾಯಿತು.

ಭದ್ರಾವತಿ_ಉಕ್ಕು

ಓರೆ ಇರುವುದು ನಿಜ, ಆದರೆ ಮಾಮೂಲಿ ಕೆಲಸಕ್ಕೆ ಬೇಕಾದದ್ದು ನಾಲ್ಕು. ಅಲ್ಲಿ ಡಿ4ಕ್ಕೆ ನೂರಕ್ಕೆ 25, ಡಿ6ಕ್ಕೆ 50. ಮೇಜಿನಲ್ಲಿ ಅನುಭವಕ್ಕೆ ಬರುವುದು ಈ ವ್ಯತ್ಯಾಸವೇ.

ಕೊಡಚಾದ್ರಿ_ನಡಿಗೆ

ಮಾರಾಯ್ರೇ, ಆ ಮನುಷ್ಯ ಎಂಟು ತಿಂಗಳಿಂದ ಕಟ್ಟಿದ ಕಥೆಯನ್ನು ಬಿಟ್ಟು ಹೊಸ ಪುಸ್ತಕ ಏಕೆ ಓದಬೇಕು? ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹಳೆಯ ಆವೃತ್ತಿಯಲ್ಲೇ ಮದ್ದಿದೆ. 1981ರ ಬೇಸಿಕ್ ನಿಯಮಗಳಲ್ಲಿ ಎದುರಾಳಿಗಳಿಗೆ ಧೈರ್ಯದ ಅಂಕಿ ಎಂಬುದೊಂದಿತ್ತು. ಅವರ ಕಡೆಯ ಮೊದಲನೆಯವನು ಸತ್ತಾಗ ಒಮ್ಮೆ, ಅರ್ಧದಷ್ಟು ಜನ ಬಿದ್ದಾಗ ಇನ್ನೊಮ್ಮೆ ಎರಡು ಸಾಮಾನ್ಯ ದಾಳ ಹಾಕುವುದು. ಮೊತ್ತ ಧೈರ್ಯದ ಅಂಕಿಯನ್ನು ಮೀರಿದರೆ ಓಡುತ್ತಾರೆ ಅಥವಾ ಶರಣಾಗುತ್ತಾರೆ. ದರೋಡೆಕೋರ ಬಂದದ್ದು ಮೆಣಸಿಗೆ, ಸಾಯಲಿಕ್ಕಲ್ಲ. ಇನಿಷಿಯೇಟಿವ್ ಸಹ ಆಗ ಗುಂಪಿಗೊಂದು ದಾಳ: ಈ ಕಡೆಗೆ ಒಂದು ಡಿ6, ಆ ಕಡೆಗೆ ಒಂದು ಡಿ6.

ಸಾಗರದ_ಮೇಷ್ಟ್ರು

ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಧೈರ್ಯದ ಅಂಕಿಯನ್ನು 7 ಎಂದಿಟ್ಟರೆ ಪ್ರತಿ ಪರೀಕ್ಷೆಯಲ್ಲಿ ಕಾಲು ಕೀಳುವ ಸಾಧ್ಯತೆ ಮೂವತ್ತಾರರಲ್ಲಿ ಹದಿನೈದು. ಎರಡೂ ಪರೀಕ್ಷೆ ದಾಟಿ ನಿಲ್ಲುವುದು ಮೂರರಲ್ಲಿ ಒಂದು ಸಲ ಮಾತ್ರ. ಜೊತೆಗೆ ದರೋಡೆಕೋರರ ಪೆಟ್ಟಿಗೆ ದಾಳ ಹಾಕಬೇಡಿ, ಐದನೆಯ ಆವೃತ್ತಿಯೇ ಪ್ರತಿ ಎದುರಾಳಿಗೂ ಪೆಟ್ಟಿನ ಸರಾಸರಿಯನ್ನು ಅಚ್ಚು ಮಾಡಿ ಕೊಟ್ಟಿದೆ.

ತುಂಗಾತೀರ (ತೀರ್ಥಹಳ್ಳಿ)

ನಿನ್ನೆ ಆಡಿದೆವು. ಬೇಕೆಂದೇ ಮತ್ತೆ ಐವರು ದರೋಡೆಕೋರರು, ಮತ್ತೆ ಇಪ್ಪತ್ತೇಳು. ಗುಂಪಿಗೊಂದು ಇನಿಷಿಯೇಟಿವ್, ಧೈರ್ಯ 7, ಸರಾಸರಿ ಪೆಟ್ಟು. ಐವತ್ತು ನಿಮಿಷದಲ್ಲಿ ಮುಗಿಯಿತು. ಮೊದಲನೆಯವನು ಬಿದ್ದಾಗ ಐದು ಬಂದು ಅವರು ನಿಂತರು. ಮೂರನೆಯವನು ಬಿದ್ದಾಗ ಲೂಡೋ ದಾಳಗಳಲ್ಲಿ ಐದು ಮತ್ತು ನಾಲ್ಕು ಬಿದ್ದವು. ಉಳಿದ ಇಬ್ಬರು ಮೂಟೆ ಬಿಟ್ಟು ಕಣಿವೆಗೆ ಇಳಿದು ಓಡಿದರು. ಆಟಗಾರರೆಲ್ಲ ಒಟ್ಟಿಗೆ ಎದ್ದು ನಿಂತುಬಿಟ್ಟರು.

ಅಕ್ಕನ ಮಾತನ್ನೂ ನಡೆಸಿದೆ. ಕತ್ತಿಯವನು ಎರಡು ಸಲ ತಪ್ಪಿದ. ಮೊದಲ ಸಲ ಒಂದು ಅಂಕಿ ಕಡಿಮೆ ಬಿದ್ದಾಗ "ಅವನ ಗುರಾಣಿಯ ಅಂಚು ಸೀಳಿತು, ಅವನು ಒಂದು ಹೆಜ್ಜೆ ಹಿಂದೆ ಸರಿದ" ಎಂದೆ. ಹುಡುಗ ತಕ್ಷಣ "ಹಿಂದೆ ಪ್ರಪಾತ ಇದೆಯಲ್ಲ, ಇನ್ನೆಷ್ಟು ದೂರ?" ಎಂದು ಕೇಳಿದ. ಪೆನ್ಸಿಲ್ ಕೈಯಲ್ಲೇ ಇತ್ತು.

ಭದ್ರಾವತಿ_ಉಕ್ಕು

ಬಹಳ ಸಂತೋಷ. ಆದರೂ ಕೇಳುತ್ತೇನೆ: ಉಳಿದ ನಿಯಮವೆಲ್ಲ ಹಾಗೇ ಇಟ್ಟು ಡಿ20ಯ ಬದಲು ಮೂರು ಲೂಡೋ ದಾಳ ಹಾಕಿ ನೋಡಬಾರದೇ? ದಾಳದ ಕೊರತೆಯೂ ನೀಗುತ್ತದೆ.

ಸಾಗರದ_ಮೇಷ್ಟ್ರು

ಆಗಬಹುದು, ಆದರೆ ಏನಾಗುತ್ತದೆಂದು ತಿಳಿದು ಮಾಡಿ. ಒಂಬತ್ತು ಬೇಕಾದ ಕಡೆ 60 ಇದ್ದದ್ದು 74ಕ್ಕೆ ಏರುತ್ತದೆ. ಹದಿಮೂರು ಬೇಕಾದ ಕಡೆ 40 ಇದ್ದದ್ದು 26ಕ್ಕೆ ಇಳಿಯುತ್ತದೆ. ಸುಲಭದ್ದು ಇನ್ನೂ ಸುಲಭ, ಕಷ್ಟದ್ದು ಇನ್ನೂ ಕಷ್ಟ. ಮೂರು ದಾಳದ ಗರಿಷ್ಠ 18, ಅದು ಬೀಳುವುದು 216ಕ್ಕೆ ಒಂದು ಸಲ, ಆದ್ದರಿಂದ ಕ್ರಿಟಿಕಲ್‌ಗೂ ಬೇರೆ ಅಂಕಿ ಗೊತ್ತುಮಾಡಬೇಕು. ತುಂಗಾತೀರ ಅವರೇ, ಓಡಿಹೋದವರ ನಾಯಕನ ಕವಚ ಎಷ್ಟು?

ತುಂಗಾತೀರ (ತೀರ್ಥಹಳ್ಳಿ)

ಅವನಿಗೆ 18 ಎಂದು ಬರೆದಿಟ್ಟಿದ್ದೇನೆ ಸರ್. ನಮ್ಮವರಿಗೆ ಹದಿಮೂರೇ ಬೇಕು. ಮುಂದಿನ ಭಾನುವಾರ ಅವನ ಗುಡಾರಕ್ಕೆ ಹೋಗುವವರಿದ್ದಾರೆ, ಅಲ್ಲಿಯವರೆಗಂತೂ ಡಿ20 ಇರಲಿ.

ಹೊಸನಗರದ_ಅಕ್ಕ

ನಾಯಕನಿಗೆ ಧೈರ್ಯ ಎಷ್ಟು ಇಟ್ಟಿದ್ದೀರಿ?

ತುಂಗಾತೀರ (ತೀರ್ಥಹಳ್ಳಿ)

10, ಅಕ್ಕ. ಮೂಟೆಗಳೆಲ್ಲ ಅವನ ಗುಡಾರದ ಹಿಂದೆಯೇ ಇವೆ.